ಒಂದು ಈಡಿನ ಸಂಚಿ

(ನಮ್ಮ ಒಕ್ಕೂಟದ ವಾರ್ಷಿಕ ಕೂಟದ ಎರಡನೆಯ ದಿನ, ಬೇಟೆ–ಬೆಳೆ–ಕಾಡು ಕುರಿತ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ. ಕೂಟಕ್ಕೆ ಬರಲಾಗದ ಸದಸ್ಯರ ಅನುಕೂಲಕ್ಕಾಗಿ ಇಲ್ಲಿ ಪ್ರಕಟಿಸಲಾಗಿದೆ.)



ಕಾಡನ್ನು ಉಳಿಸಬೇಕೆಂದು ಸೇರಿರುವ ಈ ಕೂಟದಲ್ಲಿ ಬೇಟೆಗಾರನ ಚೀಲವೊಂದನ್ನು ಬಿಚ್ಚಿ ತೋರಿಸಲು ಹೊರಟಿದ್ದೇನೆ. ಇದು ನಿಮ್ಮಲ್ಲಿ ಕೆಲವರಿಗೆ ಸರಿಕಾಣಲಾರದು. ಆದುದರಿಂದ ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸಿಬಿಡುತ್ತೇನೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಬೇಟೆ ಅಪರಾಧವಾಗಿದೆ. ಅದು ಅಪರಾಧವಾಗಿಯೇ ಉಳಿಯಬೇಕೆಂಬುದು ನನ್ನ ನಿಲುವು. ಬೇಟೆಯನ್ನು ಮರಳಿ ತನ್ನಿರೆಂದು ಹೇಳುವುದಕ್ಕೆ ನಾನಿಲ್ಲಿ ನಿಂತಿಲ್ಲ. ಒಬ್ಬ ಮುದುಕ ತನ್ನ ಚೀಲವನ್ನು ಜೋಡಿಸುವುದನ್ನು ಒಂದು ಮಧ್ಯಾಹ್ನ ಕುಳಿತು ನೋಡಿದೆ. ಅದನ್ನು ನೋಡಿದಮೇಲೆ ನಮ್ಮ ಮನೆಯಲ್ಲಿ ನಡೆದುಹೋದ ಒಂದು ಅನಾಹುತವೂ, ಇಂದು ನಮ್ಮ ಬೆಟ್ಟಗಳಲ್ಲಿ ನಡೆಯುತ್ತಿರುವ ಒಂದು ಅನಾಹುತವೂ ನನಗೆ ಬೇರೆ ರೀತಿಯಲ್ಲಿ ಕಾಣತೊಡಗಿದವು. ಅದನ್ನು ನಿಮ್ಮ ಮುಂದಿಡುತ್ತೇನೆ.

ಮನೆಯ ಕೋವಿ

ನಮ್ಮ ಮನೆಯಲ್ಲಿ ಒಂದು ಕೇಪಿನ ಕೋವಿ ಇತ್ತು. ಬೆಳೆ ರಕ್ಷಣೆಗೆಂದು ಅಜ್ಜನ ಕಾಲದಲ್ಲಿ ಪರವಾನಗಿ ಪಡೆದ ಒಂಟಿ ನಳಿಗೆಯ ಕೋವಿ. ಇಲ್ಲಿರುವ ಹಿರಿಯರಿಗೆ ಅದನ್ನು ವಿವರಿಸಬೇಕಾಗಿಲ್ಲ. ಕಿರಿಯರಿಗಾಗಿ ಹೇಳುತ್ತೇನೆ. ಅದಕ್ಕೆ ತೋಟಾ ಹಾಕುವಂತಿಲ್ಲ. ನಳಿಗೆಯ ಬಾಯಿಯಿಂದಲೇ ಮದ್ದು ಸುರಿದು, ತೆಂಗಿನ ಕತ್ತ ತುರುಕಿ, ಗಜದಿಂದ ಜಡಿದು, ಚರೆಯನ್ನೋ ಗುಂಡನ್ನೋ ಇಳಿಸಿ, ಮತ್ತೆ ಕತ್ತ ಜಡಿದು, ಕಡೆಗೆ ಹಿಂಬದಿಯ ಮೊಲೆಯ ಮೇಲೆ ಕೇಪು ಕೂರಿಸಬೇಕು. ಇಷ್ಟೆಲ್ಲ ಮಾಡಿದರೆ ಒಂದು ಈಡು. ಅದು ಹಾರಿದ ಮೇಲೆ ಮತ್ತೆ ಮೊದಲಿನಿಂದ.

ನನ್ನ ಚಿಕ್ಕಪ್ಪ ಆ ಕೋವಿಯ ಸಾಮಾನುಗಳನ್ನೆಲ್ಲ ಒಂದು ಹಳೆಯ ಬಟ್ಟೆಯ ಚೀಲದಲ್ಲಿ ಇಡುತ್ತಿದ್ದ. ಮದ್ದು ಔಷಧದ ಸೀಸೆಯೊಂದರಲ್ಲಿ, ಕೇಪು ಬೆಂಕಿಪೊಟ್ಟಣದಲ್ಲಿ, ಚರೆ ಕಾಗದದ ಪೊಟ್ಟಣದಲ್ಲಿ. ಅದೇ ಚೀಲದಲ್ಲಿ ಬೀಡಿಯೂ ಕತ್ತಿಯೂ ಬೆಲ್ಲದ ಚೂರೂ ಇರುತ್ತಿದ್ದವು. ನನಗಾಗ ಹನ್ನೊಂದು ವರುಷ. ಗದ್ದೆಗೆ ಹಂದಿ ಬಿದ್ದಿದೆಯೆಂದು ರಾತ್ರಿ ಮಾಳದಲ್ಲಿ ಕಾಯುತ್ತಿದ್ದೆವು. ಚಿಕ್ಕಪ್ಪ ಒಂದು ಈಡು ಹೊಡೆದ. ಹಂದಿಗೆ ತಗುಲಿತು, ಬೀಳಲಿಲ್ಲ. ಅದು ಹಳುವಿನೊಳಕ್ಕೆ ನುಗ್ಗುತ್ತಿದ್ದ ಸದ್ದು ಕೇಳುತ್ತಿತ್ತು. ಆ ಗಡಿಬಿಡಿಯಲ್ಲಿ ಆತ ಚೀಲದೊಳಗೆ ತಡಕಾಡಿ, ಅಳತೆಯ ಚಿಪ್ಪು ಸಿಕ್ಕದೆ, ಸೀಸೆಯನ್ನೇ ನಳಿಗೆಯ ಬಾಯಿಗೆ ಬಗ್ಗಿಸಿದ. ಮೊದಲ ಈಡಿನ ಕತ್ತದ ಕಿಡಿ ನಳಿಗೆಯೊಳಗೆ ಇನ್ನೂ ಆರಿರಲಿಲ್ಲ.

ಸೀಸೆ ಕೈಯಲ್ಲಿಯೇ ಸಿಡಿಯಿತು. ಬಲಗೈಯ ಮೂರು ಬೆರಳು ಹೋದವು. ಆಮೇಲೆ ಚಿಕ್ಕಪ್ಪ ಅಡಿಕೆಮರ ಹತ್ತಲಿಲ್ಲ. ಗಾಯಗೊಂಡ ಹಂದಿ ಹಳ್ಳದ ಬದಿಯಲ್ಲಿ ಸತ್ತುಬಿದ್ದಿರುವುದು ಮೂರು ದಿನಗಳ ಮೇಲೆ ವಾಸನೆಯಿಂದ ತಿಳಿಯಿತು. ಊರಿನಲ್ಲಿ ಅದನ್ನು ಕಾಡಿನ ಶಾಪವೆಂದರು, ಭೂತಕ್ಕೆ ಹರಕೆ ತಪ್ಪಿಸಿದ್ದರ ಫಲವೆಂದರು. ನಾನೂ ಬಹುಕಾಲ ಹಾಗೆಯೇ ನಂಬಿದ್ದೆ.

ಪೆನ್ಸಿಲ್ವೇನಿಯಾದ ಒಂದು ಮಧ್ಯಾಹ್ನ

ಕೆಲವು ವರ್ಷಗಳ ಹಿಂದೆ ಮಗಳ ಬಾಣಂತನಕ್ಕೆಂದು ಮಡದಿಯೊಡನೆ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಒಂದು ಚಳಿಗಾಲವನ್ನು ಕಳೆದೆ. ಅಪಲೇಚಿಯನ್ ಬೆಟ್ಟಸಾಲು ಆ ರಾಜ್ಯದ ನಡುವೆ ಹಾದುಹೋಗುತ್ತದೆ. ನಮ್ಮ ಘಟ್ಟದಂತೆ ಕಡಿದಾದ ಬೆಟ್ಟಗಳಲ್ಲ. ತುಂಬ ಹಳೆಯವು, ಸವೆದು ದುಂಡಗಾದವು. ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬರು ಒಂಟಿಯಾಗಿ ಇದ್ದರು. ಶಾಲೆಯಲ್ಲಿ ಮರಗೆಲಸ ಕಲಿಸಿ ನಿವೃತ್ತರಾದವರು. ಕ್ರಿಸ್‌ಮಸ್‌ಗೆ ಎರಡು ದಿನ ಮುಂಚೆ ಅವರ ಮನೆಗೆ ಹೋದಾಗ ಊಟದ ಮೇಜಿನ ಮೇಲೆ ಒಂದು ತೊಗಲಿನ ಚೀಲವನ್ನು ಬರಿದುಮಾಡಿ, ಸಾಮಾನುಗಳನ್ನು ಸಾಲಾಗಿ ಇಟ್ಟುಕೊಂಡು ಕುಳಿತಿದ್ದರು. ಮೂಲೆಯಲ್ಲಿ ಆಳೆತ್ತರಕ್ಕೆ ಸ್ವಲ್ಪ ಕಡಿಮೆಯ ಉದ್ದನೆಯ ಕೋವಿ ಒರಗಿತ್ತು. ಅದಕ್ಕೆ ಕೇಪು ಕೂಡ ಇಲ್ಲ. ಚಕಮಕಿ ಕಲ್ಲಿನ ಕೋವಿ, ನಮ್ಮ ಕೇಪಿನ ಕೋವಿಗಿಂತ ಒಂದು ತಲೆಮಾರು ಹಿಂದಿನದು.

ಆ ರಾಜ್ಯದಲ್ಲಿ ಜಿಂಕೆಯ ಬೇಟೆಗೆ ಪರವಾನಗಿಯೂ ಗೊತ್ತಾದ ದಿನಗಳೂ ಇವೆ. 1974ರಿಂದ ಚಕಮಕಿ ಕೋವಿಗೆಂದೇ ಬೇರೆ ದಿನಗಳನ್ನು ಮೀಸಲಿಟ್ಟಿದ್ದಾರೆ. ಅದು ಕ್ರಿಸ್‌ಮಸ್ ಕಳೆದ ಮೇಲೆ, ಹಿಮ ಬಿದ್ದ ಕಾಲದಲ್ಲಿ. ಈ ಮುದುಕರು ಅದಕ್ಕೆ ಸಿದ್ಧರಾಗುತ್ತಿದ್ದರು.

ನಮ್ಮ ಹಿರಿಯರ ಎಲೆಯಡಿಕೆ ಸಂಚಿಯನ್ನು ನೀವು ನೋಡಿದ್ದೀರಿ. ಎಲೆಗೊಂದು ಅರೆ, ಅಡಿಕೆಗೊಂದು, ಹೊಗೆಸೊಪ್ಪಿಗೊಂದು, ಸುಣ್ಣದ ಡಬ್ಬಿಗೊಂದು. ನನ್ನ ಅಜ್ಜ ಕತ್ತಲಲ್ಲಿ ಮಾತನಾಡುತ್ತಲೇ ಸಂಚಿಯೊಳಗೆ ಕೈಯಿಟ್ಟು ಬೇಕಾದುದನ್ನೇ ತೆಗೆಯುತ್ತಿದ್ದರು. ಸುಣ್ಣದ ಡಬ್ಬಿಯ ಜಾಗದಲ್ಲಿ ಅಡಕತ್ತರಿ ಇದ್ದರೆ ಮನೆಮಂದಿಗೆಲ್ಲ ಬೈಗುಳ. ಆ ಚೀಲವನ್ನು ಕಂಡಾಗ ನನಗೆ ನೆನಪಾದದ್ದು ಅಜ್ಜನ ಸಂಚಿ. ಹಾಗಾಗಿ ಅದನ್ನು ಬೇಟೆಯ ಸಂಚಿಯೆಂದೇ ಕರೆಯುತ್ತೇನೆ.

ಸಂಚಿಯ ಒಳಗೆ

ಸಂಚಿ ಚಿಕ್ಕದು, ಗೇಣಿಗಿಂತ ಸ್ವಲ್ಪ ಅಗಲ. ಅಲ್ಲಿನ ಸಂಗ್ರಹಾಲಯಗಳಲ್ಲಿ ಉಳಿದಿರುವ ಇನ್ನೂರು ವರ್ಷ ಹಳೆಯ ಸಂಚಿಗಳೂ ಬಹುಮಟ್ಟಿಗೆ ಇಷ್ಟೇ ಇವೆಯಂತೆ. ಹೊಸಬರು ದೊಡ್ಡ ಚೀಲ ಹೊಲಿಸಿ ಅದರಲ್ಲಿ ಕಂಡದ್ದನ್ನೆಲ್ಲ ತುಂಬಿಕೊಳ್ಳುತ್ತಾರೆ, ಬೇಕಾದಾಗ ಯಾವುದೂ ಕೈಗೆ ಸಿಗುವುದಿಲ್ಲ ಎಂದು ಅವರು ನಕ್ಕರು. ಬಲಗೈಯವರಾದ್ದರಿಂದ ಪಟ್ಟಿ ಎಡಹೆಗಲ ಮೇಲೆ, ಸಂಚಿ ಬಲ ಮಗ್ಗುಲಲ್ಲಿ. ಪಟ್ಟಿಯನ್ನು ಉದ್ದ ಬಿಡಬಾರದು. ಸಂಚಿ ಸೊಂಟದ ಕೆಳಗೆ ತೂಗಾಡಿದರೆ ಬಗ್ಗಿದಾಗ ಮುಂದಕ್ಕೆ ಜೋಲುತ್ತದೆ, ಮುಳ್ಳಿಗೆ ಸಿಕ್ಕುತ್ತದೆ. ಪಕ್ಕೆಗೆ ತಾಗಿ ಮೊಣಕೈಯ ಅಡಿಯಲ್ಲಿ ಕೂತಿರಬೇಕು. ಬಾಯಿ ಒಂದು ಕೈ ಹೋಗುವಷ್ಟು, ಮೇಲೆ ಮಳೆ ಹಿಮ ಇಳಿಯದಂತೆ ತೊಗಲಿನ ಮುಚ್ಚಳ.

ಅವರ ಜೋಡಣೆಗೆ ಒಂದು ಸರಳ ನಿಯಮವಿತ್ತು. ಪ್ರತಿ ಈಡಿಗೂ ಬೇಕಾದುದು ಎಲ್ಲಕ್ಕಿಂತ ಮುಂದೆ. ಏನಾದರೂ ಕೆಟ್ಟರೆ ಮಾತ್ರ ಬೇಕಾದುದು ಹಿಂದಿನ ಅರೆಯ ತಳದಲ್ಲಿ. ಮನೆಯಲ್ಲಿ ಬೇಕಾದುದು ಮನೆಯಲ್ಲಿ. ಕೋವಿಗೆ ಸಂಬಂಧಿಸದ ಯಾವುದೂ, ತಿನ್ನುವ ರೊಟ್ಟಿಯಾಗಲಿ ದಿಕ್ಸೂಚಿಯಾಗಲಿ, ಸಂಚಿಯೊಳಗೆ ಬರಕೂಡದು. ಅದಕ್ಕೆಲ್ಲ ಅಂಗಿಯ ಜೇಬುಗಳಿವೆ.

ಮದ್ದು ಸಂಚಿಯೊಳಗೆ ಇಲ್ಲವೇ ಇಲ್ಲ. ಅದು ಹಸುವಿನ ಕೊಂಬಿನೊಳಗೆ, ಬೇರೆ ದಾರದಲ್ಲಿ ತೂಗುತ್ತದೆ. ಕೊಂಬಿನ ಅಗಲದ ಬದಿಗೆ ಮರದ ಬಿಲ್ಲೆಯನ್ನು ಬಿಗಿಯಾಗಿ ಕೂರಿಸಿರುತ್ತಾರೆ. ಕಿರಿದಾದ ತುದಿಗೆ ಮರದ ಬಿರಡೆ. ಕೊಂಬು ನೀರು ಹೀರುವುದಿಲ್ಲ, ಲೋಹಕ್ಕೆ ತಾಗಿದರೂ ಕಿಡಿ ಕಾರುವುದಿಲ್ಲ, ಬಿದ್ದರೆ ಗಾಜಿನಂತೆ ಒಡೆಯುವುದಿಲ್ಲ. ಕೊಂಬಿಗೆ ಒಂದು ತೊಗಲ ದಾರದಿಂದ ಅಳತೆಯ ಪಾತ್ರೆಯನ್ನು ಕಟ್ಟಿದ್ದರು. ಅದೂ ಕೊಂಬಿನ ತುದಿಯನ್ನೇ ಕೊರೆದು ಮಾಡಿದ್ದು. ಅವರ ಕೋವಿಗೆ ಒಪ್ಪುವ ಅಳತೆ 70 ಗ್ರೇನ್, ಅಂದರೆ ಸುಮಾರು ನಾಲ್ಕೂವರೆ ಗ್ರಾಂ. ಆ ಪಾತ್ರೆ ತುಂಬಿದರೆ ಅಷ್ಟೇ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

“ಕೊಂಬಿನಿಂದ ನೇರವಾಗಿ ನಳಿಗೆಗೆ ಎಂದೆಂದಿಗೂ ಸುರಿಯಬಾರದು” ಎಂದರು. “ಮೊದಲು ಅಳತೆಗೆ, ಆಮೇಲೆ ಕೊಂಬಿನ ಬಿರಡೆ ಹಾಕಬೇಕು. ಬಿರಡೆ ಹಾಕಿದ ಮೇಲೆ ಅಳತೆಯಿಂದ ನಳಿಗೆಗೆ. ಒಳಗೆ ಕಿಡಿ ಉಳಿದಿದ್ದರೆ ಆ ಒಂದು ಅಳತೆ ಮಾತ್ರ ಹತ್ತಿಕೊಳ್ಳುತ್ತದೆ. ಹುಬ್ಬು ಸುಡಬಹುದು, ಕೈ ಉಳಿಯುತ್ತದೆ.”

ಅವರಿಗೆ ನನ್ನ ಚಿಕ್ಕಪ್ಪನ ವಿಷಯ ತಿಳಿದಿರಲಿಲ್ಲ. ನಾನು ಆಗ ಹೇಳಲೂ ಇಲ್ಲ. ಐವತ್ತು ವರ್ಷ ನಾವು ಶಾಪವೆಂದು ಹೊತ್ತುಕೊಂಡು ಬಂದದ್ದು ದಾರದಲ್ಲಿ ಕಟ್ಟಿರದ ಒಂದು ಅಳತೆಯ ಚಿಪ್ಪು ಎಂಬುದು ಆ ಮೇಜಿನ ಮುಂದೆ ನನಗೆ ತಿಳಿಯಿತು. ಚಿಪ್ಪು ಇತ್ತು, ಮರುದಿನ ಚೀಲದ ತಳದಲ್ಲಿ ಬೆಲ್ಲಕ್ಕೆ ಅಂಟಿಕೊಂಡು ಸಿಕ್ಕಿತು ಕೂಡ. ಇರಬೇಕಾದ ಜಾಗದಲ್ಲಿ ಇರಲಿಲ್ಲ, ಅಷ್ಟೆ.

ಮುಂದಿನದು ಗುಂಡು. ಕರಗಿಸಿದ ಸೀಸವನ್ನು ಅಚ್ಚಿಗೆ ಎರೆದು ಮಾಡಿದ ಗೋಲಿಗಳು, ಒಂದೊಂದೂ ಹನ್ನೊಂದು ಗ್ರಾಂ ಚಿಲ್ಲರೆ ತೂಕ. ಪುಟ್ಟ ತೊಗಲಿನ ಗಂಟಿನಲ್ಲಿ ಅವು ಐದೇ ಇದ್ದವು. “ಇಷ್ಟೇ ಸಾಕೆ?” ಎಂದು ಕೇಳಿದೆ. “ಒಂದು ಜಿಂಕೆಗೆ. ಇನ್ನೊಂದು ಮೊದಲನೆಯದು ತಪ್ಪಿದರೆ. ಉಳಿದ ಮೂರು ನನ್ನ ಹೆದರಿಕೆಗೆ” ಎಂದರು. ಅವರ ಬಳಿ ಇದ್ದ ಪರವಾನಗಿಯ ಚೀಟಿ ಒಂದು ಜಿಂಕೆಗೆ ಮಾತ್ರ.

ಗುಂಡನ್ನು ಸುತ್ತಲು ಗಟ್ಟಿ ನೇಯ್ಗೆಯ ಹತ್ತಿಬಟ್ಟೆ. ಅದಕ್ಕೆ ಪ್ರಾಣಿಯ ಕೊಬ್ಬು ಮತ್ತು ಜೇನುಮೇಣವನ್ನು ಬೆರೆಸಿ ಸವರಿರುತ್ತಾರೆ. ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಗೀರುಗಳಿವೆ. ಬಟ್ಟೆ ಆ ಗೀರುಗಳನ್ನು ಹಿಡಿದು ಗುಂಡನ್ನು ತಿರುಗಿಸುತ್ತದೆ; ತಿರುಗುವ ಗುಂಡು ನೆಟ್ಟಗೆ ಹೋಗುತ್ತದೆ. ಈ ಬಟ್ಟೆಗೆ ಮುಚ್ಚಳವಿರುವ ತಗಡಿನ ಡಬ್ಬಿ. ಜಿಡ್ಡು ಮದ್ದಿಗೆ ತಾಗಿದರೆ ಮದ್ದು ಹತ್ತುವುದಿಲ್ಲ, ಆದ್ದರಿಂದ ಡಬ್ಬಿಯನ್ನು ಹಾಗೇ ಬಿಚ್ಚಿಡುವಂತಿಲ್ಲ. ಪಕ್ಕದಲ್ಲಿ ಗುಂಡನ್ನು ನಳಿಗೆಯ ಬಾಯಿಗೆ ಒತ್ತಲು ಗಿಡ್ಡ ಮರದ ತುಂಡೊಂದು. ಮಿಕ್ಕಿದ್ದು ನಳಿಗೆಯ ಕೆಳಗೆ ಸಿಕ್ಕಿಸಿರುವ ಗಜದ ಕೆಲಸ.

ಆ ಗಜದ ಮೇಲೆ ಚಾಕುವಿನಿಂದ ಎರಡು ಗೀರು ಹಾಕಿದ್ದರು. ಬರಿಯ ನಳಿಗೆಗೆ ಗಜವನ್ನು ಇಳಿಬಿಟ್ಟರೆ ಮೊದಲನೆಯ ಗೀರು ನಳಿಗೆಯ ಬಾಯಿಗೆ ಸರಿಯಾಗಿ ಬರುತ್ತದೆ. ಒಂದು ಈಡು ತುಂಬಿದ್ದರೆ ಎರಡನೆಯದು. ಅದಕ್ಕಿಂತಲೂ ಮೇಲೆ ನಿಂತರೆ ಯಾರೋ ಈಡಿನ ಮೇಲೆ ಈಡು ತುಂಬಿದ್ದಾರೆ, ಇಲ್ಲವೆ ಗುಂಡು ಮದ್ದಿನವರೆಗೆ ಇಳಿದಿಲ್ಲ. ಹೊಡೆದರೆ ನಳಿಗೆ ಬಿರಿಯಬಹುದು. ಅಟ್ಟದ ಮೇಲಿಟ್ಟ ಕೋವಿಯಲ್ಲಿ ಈಡು ಇದೆಯೋ ಇಲ್ಲವೋ ಎಂದು ತಿಳಿಯದೆ ಕುದುರೆ ಎಳೆದು ನೋಡಿದ ಕಥೆಗಳು ನಮ್ಮ ಪ್ರತಿ ಊರಿನಲ್ಲಿಯೂ ಇವೆ. ಎರಡು ಗೀರು ಸಾಕಾಗಿತ್ತು.

ಉಳಿದುದನ್ನು ಬೇಗ ಹೇಳುತ್ತೇನೆ. ಕಿವಿಯ ಬಟ್ಟಲಿಗೆ ಹಾಕುವ ನುಣುಪಾದ ಮದ್ದಿಗೆ ಬೆರಳುದ್ದದ ಇನ್ನೊಂದು ಕೊಂಬು. ಬೆಂಕಿಯ ತೂತನ್ನು ಬಿಡಿಸಲು ತಂತಿಯ ಮುಳ್ಳು, ಬಟ್ಟಲನ್ನು ಒರೆಸಲು ಪುಟ್ಟ ಕುಂಚ. ಇವೆರಡೂ ಸಂಚಿಯ ಪಟ್ಟಿಗೇ ತೂಗುತ್ತವೆ, ಏಕೆಂದರೆ ಪ್ರತಿ ಸಲವೂ ಬೇಕು. ತಳದ ಅರೆಯಲ್ಲಿ ತೊಗಲಿನಲ್ಲಿ ಸುತ್ತಿದ ಬದಲಿ ಚಕಮಕಿ ಕಲ್ಲು, ಅದನ್ನು ಬಿಗಿಯಲು ತಿರುಪುಳಿ, ಸಿಕ್ಕಿಕೊಂಡ ಗುಂಡನ್ನು ಕಚ್ಚಿ ಹೊರತೆಗೆಯುವ ತಿರುಪುಮೊಳೆ, ನಳಿಗೆ ಒರೆಸಲು ಒಂದು ಹಿಡಿ ನಾರು. ಕೇಪಿನ ಕೋವಿಯಾದರೆ ಕಲ್ಲಿನ ಬದಲು ಕೇಪು. ಅವನ್ನು ಹಿತ್ತಾಳೆಯ ಕರಡಿಗೆಯಲ್ಲಿ, ಬೇರೆ ಲೋಹಕ್ಕೆ ತಾಗದಂತೆ, ಮದ್ದಿನಿಂದ ದೂರವಾಗಿ ಇಡಬೇಕು. ಹಿಮ ಮಳೆಗಳಿಂದ ಕಿವಿಯನ್ನು ಕಾಯಲು ಜಿಡ್ಡು ಹಚ್ಚಿದ ತೊಗಲಿನ ಹೊದಿಕೆಯೊಂದು. ಮಲೆನಾಡಿನವರಿಗೆ ಅದರ ಅಗತ್ಯವನ್ನು ವಿವರಿಸಬೇಕಿಲ್ಲ.

ಎಲ್ಲವನ್ನೂ ಜೋಡಿಸಿದ ಮೇಲೆ ಅವರು ಕಣ್ಣುಮುಚ್ಚಿ, ಮದ್ದಿಲ್ಲದೆ, ಒಂದು ಈಡು ತುಂಬುವ ಅಷ್ಟೂ ಚಲನೆಗಳನ್ನು ಮಾಡಿ ತೋರಿಸಿದರು. ಕೈ ಎಲ್ಲಿಯೂ ತಡಕಾಡಲಿಲ್ಲ. ಹೀಗಿದ್ದೂ ಒಂದು ಈಡಿಗೆ ಅರ್ಧ ನಿಮಿಷ ಹಿಡಿಯುತ್ತದೆ. ನೂರು ಗಜಕ್ಕಿಂತ ದೂರದ ಜಿಂಕೆಗೆ ಅವರು ಹೊಡೆಯುವುದಿಲ್ಲವಂತೆ. ಕೆಲವು ವರ್ಷ ಕೋವಿ ಎತ್ತದೆಯೇ ಮನೆಗೆ ಬಂದದ್ದುಂಟಂತೆ. ಆ ಬಾರಿಯೂ ಹಾಗೆಯೇ ಆಯಿತು. ಆರು ದಿನ ಹಿಮದಲ್ಲಿ ಕುಳಿತು ಬಂದರು. ಮದ್ದನ್ನು ಹೊರತೆಗೆದು, ನಳಿಗೆ ಒರೆಸಿ, ಐದು ಗುಂಡುಗಳನ್ನು ಎಣಿಸಿ ಡಬ್ಬಿಗೆ ಹಾಕಿಟ್ಟರು.

ಸಂಚಿಗೆ ಅಂಟಿದ ಚರಿತ್ರೆ

ಇಷ್ಟು ಹೇಳಿ ನಿಲ್ಲಿಸಿದರೆ ಆ ಕೋವಿ ಸಾತ್ವಿಕವಾದುದು, ಆ ಸಂಚಿ ಒಂದು ಜಪಮಾಲೆ ಎಂದು ನೀವು ತಿಳಿದೀರಿ. ಹಾಗಲ್ಲ. ಪೆನ್ಸಿಲ್ವೇನಿಯಾದಲ್ಲಿ ನೆಲೆಸಿದ ಜರ್ಮನ್ ಕಮ್ಮಾರರು ಹದಿನೆಂಟನೆಯ ಶತಮಾನದಲ್ಲಿ ರೂಪಿಸಿದ ಆ ಉದ್ದನೆಯ ಕೋವಿಯೇ ಬೆಟ್ಟಗಳಾಚೆಯ ಮೂಲನಿವಾಸಿಗಳ ನೆಲಕ್ಕೆ ವಲಸೆಗಾರರ ದಾರಿಯನ್ನು ಬಿಡಿಸಿತು. ಅದೇ ಶತಮಾನದಲ್ಲಿ ಜಿಂಕೆಯ ತೊಗಲು ಯುರೋಪಿಗೆ ಹಡಗುಗಟ್ಟಲೆ ಹೋಗುತ್ತಿತ್ತು. ಚೆರೋಕಿ ಮುಂತಾದ ಬುಡಕಟ್ಟುಗಳೂ ಬಿಳಿಯ ಬೇಟೆಗಾರರೂ ಆ ವ್ಯಾಪಾರಕ್ಕೆ ಸಿಕ್ಕಿಕೊಂಡರು. 1760ರ ದಶಕದಲ್ಲಿ ಕೆಂಟಕಿಯ ಕಡೆಗೆ ತಿಂಗಳುಗಟ್ಟಲೆ ಬೇಟೆಗೆ ಹೋಗುತ್ತಿದ್ದವರ ಹೆಗಲಿಗೂ ಇಂಥದೇ ಸಂಚಿ ಇತ್ತು, ಇಷ್ಟೇ ಅಚ್ಚುಕಟ್ಟಾಗಿ ಇತ್ತು. ಕೊಲ್ಲಬೇಕೆಂದರೆ ಒಂದೊಂದೇ ಈಡಿನಿಂದಲೂ ಸಾವಿರಾರು ಕೊಲ್ಲಬಹುದು. ಅಂದಿನ ಅಚ್ಚುಕಟ್ಟು ಬದುಕಿನ ಅಗತ್ಯ, ಮಿತಿಯಲ್ಲ.

ಕಪ್ಪು ಮದ್ದಿನ ಚರಿತ್ರೆಯೂ ಹಾಗೆಯೇ. ನೂರು ಪಾಲಿನಲ್ಲಿ 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಆ ಪೆಟ್ಲುಪ್ಪಿಗಾಗಿ ಕೆಂಟಕಿಯ ಮ್ಯಾಮತ್ ಗುಹೆಯ ಮಣ್ಣನ್ನು 1812ರ ಯುದ್ಧಕಾಲದಲ್ಲಿ ಗುಲಾಮರಿಂದ ಅಗೆಸಿ ಸೋಸಿದರು. ಬ್ರಿಟಿಷರಿಗೆ ಅದು ಸಿಕ್ಕಿದ್ದು ನಮ್ಮ ಬಿಹಾರದ ನೆಲದಿಂದ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾದಾಗ ಡುಪಾಂಟ್ ಮದ್ದಿನ ಕಾರ್ಖಾನೆಯವರು ಭಾರತದ ಪೆಟ್ಲುಪ್ಪನ್ನು ಕೊಳ್ಳಲು ಇಂಗ್ಲೆಂಡಿಗೇ ಆಳು ಕಳುಹಿಸಬೇಕಾಯಿತು. ಯಾವ ಬೆಟ್ಟದ ಕೋವಿಯೂ ಆ ಬೆಟ್ಟಕ್ಕೆ ಮಾತ್ರ ಸೇರಿದ್ದಲ್ಲ.

ಆಮೇಲೆ ಹಿಂಬದಿಯಿಂದ ತೋಟಾ ತುಂಬುವ ಕೋವಿಗಳು ಬಂದವು, ರೈಲು ಬಂದಿತು, ದೂರದ ಪೇಟೆಗಳು ಹತ್ತಿರವಾದವು. ಕೋಟಿಗಳ ಲೆಕ್ಕದಲ್ಲಿದ್ದ ಕಾಡೆಮ್ಮೆ, ಬೈಸನ್, 1880ರ ದಶಕದ ಕೊನೆಗೆ ಕೆಲವು ನೂರಕ್ಕೆ ಇಳಿಯಿತು. ಆಕಾಶವನ್ನೇ ಮುಚ್ಚುತ್ತಿದ್ದವೆನ್ನುವ ವಲಸೆ ಪಾರಿವಾಳಗಳ ಕಟ್ಟಕಡೆಯ ಹಕ್ಕಿ 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. ಪೆನ್ಸಿಲ್ವೇನಿಯಾದಲ್ಲಿ ಕಾಡೂ ಹೋಗಿ, ಜಿಂಕೆಯೂ ಹೋಗಿ, 1906ರಲ್ಲಿ ಮಿಷಿಗನ್‌ನಿಂದ ಜಿಂಕೆಗಳನ್ನು ತಂದು ಬಿಡಬೇಕಾಯಿತು.

ಎಲ್ಲವನ್ನೂ ಕಳೆದುಕೊಂಡ ಮೇಲೆ ಅವರು ಮಿತಿಯನ್ನು ಕಾನೂನಾಗಿ ಬರೆದರು. ಬೇಟೆಗೆ ದಿನಗಳನ್ನು ಗೊತ್ತುಮಾಡಿದರು, ಸಂಖ್ಯೆಯನ್ನು ಗೊತ್ತುಮಾಡಿದರು, ಬೇಟೆಯ ಮಾಂಸವನ್ನು ಮಾರುವುದನ್ನು ತಡೆದರು. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯಿದೆ ಉದ್ದ ಕೋವಿ ಮತ್ತು ತೋಟಾಗಳ ಮೇಲಿನ ಶೇಕಡ 11ರ ತೆರಿಗೆಯನ್ನು ವನ್ಯಜೀವಿಗಳ ಕೆಲಸಕ್ಕೇ ಮುಡಿಪಾಗಿಟ್ಟಿತು. ವೇಗದ ಕೋವಿಗಳು ಅಂಗಡಿಯಲ್ಲಿ ಸಿಗುವಾಗಲೂ ಬೇಕೆಂದೇ ನಿಧಾನದ ಕೋವಿಯನ್ನು ಹಿಡಿಯುವವರಿಗೆ ಬೇರೆ ದಿನಗಳನ್ನು ಕೊಟ್ಟದ್ದು ಆ ಚಿಂತನೆಯ ಮುಂದುವರಿಕೆ. ಮುದುಕರ ಸಂಚಿಯ ಐದು ಗುಂಡುಗಳ ಹಿಂದೆ ಇಷ್ಟು ಪಶ್ಚಾತ್ತಾಪವಿದೆ.

ನಮ್ಮಲ್ಲಿ ಏಕೆ ಸಲ್ಲದು

‘ಅಲ್ಲಿ ಬೇಟೆಯಿಂದಲೇ ಕಾಡು ಉಳಿದಿದೆ, ನಮ್ಮಲ್ಲಿಯೂ ಬಿಡಿ’ ಎಂದು ವಾದಿಸುವವರು ನಮ್ಮ ನಡುವೆಯೇ ಇದ್ದಾರೆ. ಹಂದಿ ಮಂಗಗಳಿಂದ ಬೆಳೆ ಕಳೆದುಕೊಂಡವರ ಸಂಕಟ ನನಗೆ ತಿಳಿಯದ್ದಲ್ಲ. ಆದರೆ ಈ ವಾದದಲ್ಲಿ ಒಂದು ಕೊಂಡಿ ತಪ್ಪಿದೆ. ಪೆನ್ಸಿಲ್ವೇನಿಯಾದ ಬೆಟ್ಟಗಳಲ್ಲಿ ತೋಳವಿಲ್ಲ, ಬೆಟ್ಟದ ಸಿಂಹವಿಲ್ಲ. ಅವೆರಡನ್ನೂ ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಅಳಿಸಿಹಾಕಿದ್ದಾರೆ. ತಿನ್ನುವವರಿಲ್ಲದೆ ಹೆಚ್ಚಿದ ಜಿಂಕೆಗಳು ಕಾಡಿನ ಸಸಿಗಳನ್ನು ಮೇಯ್ದು ಮರಗಳ ಮುಂದಿನ ತಲೆಮಾರೇ ಏಳದಂತೆ ಮಾಡುತ್ತವೆ. ತಾವೇ ಕೊಂದ ತೋಳದ ಕೆಲಸವನ್ನು ಅಲ್ಲಿನ ಮನುಷ್ಯ ಈಗ ಮಾಡಬೇಕಾಗಿದೆ. ನಮ್ಮ ಬೆಟ್ಟಗಳಲ್ಲಿ ಹುಲಿಯಿದೆ, ಚಿರತೆಯಿದೆ, ಕೆನ್ನಾಯಿಯಿದೆ. ಹಂದಿಯೂ ಕಡವೆಯೂ ಅವುಗಳ ಅನ್ನ. ಆ ಅನ್ನಕ್ಕೆ ಕೈಹಾಕಿದರೆ ಚಿರತೆ ಕೊಟ್ಟಿಗೆಗೆ ಬರುತ್ತದೆ. ಆದುದರಿಂದ ಅಲ್ಲಿನ ಕಾನೂನನ್ನು ಇಲ್ಲಿಗೆ ಕಸಿಮಾಡಲು ಬಾರದು.

ಸೀಸದ ವಿಷಯವನ್ನೂ ಹೇಳಬೇಕು. ಬೇಟೆಗಾರರು ಕಾಡಿನಲ್ಲಿ ಬಿಟ್ಟುಹೋದ ಕರುಳಿನಲ್ಲಿರುವ ಸೀಸದ ಚೂರುಗಳನ್ನು ತಿಂದು ಕ್ಯಾಲಿಫೋರ್ನಿಯಾದ ಕಾಂಡೋರ್ ರಣಹದ್ದುಗಳು ಸಾಯುತ್ತಿದ್ದವು. 1982ರಲ್ಲಿ ಅವು ಉಳಿದದ್ದು 22 ಮಾತ್ರ. 1987ರಲ್ಲಿ ಉಳಿದವನ್ನೆಲ್ಲ ಹಿಡಿದು ಸಾಕಿ, ಮರಿಮಾಡಿಸಿ ಮತ್ತೆ ಬಿಟ್ಟರು. ಈಗ ಸಾಕಿದವೂ ಸೇರಿ ಐನೂರಕ್ಕಿಂತ ಹೆಚ್ಚಿವೆ. ಆದರೂ ಸೀಸದ ವಿಷ ಅವುಗಳನ್ನು ಕಾಡುವುದು ನಿಂತಿಲ್ಲ. ಕ್ಯಾಲಿಫೋರ್ನಿಯಾ 2013ರಲ್ಲಿ ಕಾನೂನು ಮಾಡಿ, 2019ರ ಜುಲೈಯಿಂದ ಬೇಟೆಗೆ ಸೀಸದ ಗುಂಡನ್ನು ಪೂರ್ತಿಯಾಗಿ ನಿಷೇಧಿಸಿತು. ನಮ್ಮ ರಣಹದ್ದುಗಳನ್ನು ಕೊಂದದ್ದು ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧ. 2006ರಲ್ಲಿ ಅದನ್ನು ಪಶುಚಿಕಿತ್ಸೆಯಲ್ಲಿ ನಿಷೇಧಿಸಿದೆವು. ವಿಷ ಬೇರೆ, ಪಾಠ ಒಂದೇ: ಸತ್ತ ಪ್ರಾಣಿಯೊಳಗೆ ನಾವು ಬಿಟ್ಟದ್ದು ಅಲ್ಲಿಗೇ ಮುಗಿಯುವುದಿಲ್ಲ. ಮುದುಕರ ಸಂಚಿ ಎಷ್ಟೇ ಅಚ್ಚುಕಟ್ಟಾಗಿದ್ದರೂ ಆ ಐದು ಗೋಲಿಗಳು ಸೀಸದವೇ. ಅವರಿಗೂ ಅದು ಗೊತ್ತಿತ್ತು. ಅದಕ್ಕೆ ಅವರ ಬಳಿ ಉತ್ತರವಿರಲಿಲ್ಲ.

ಸಂಚಿಯಿಲ್ಲದ ಬೇಟೆ

ಹಾಗಾದರೆ ಆ ಸಂಚಿಯಿಂದ ನಮಗೇನು? ಇದಕ್ಕಾಗಿಯೇ ಇಷ್ಟು ದೂರ ನಿಮ್ಮನ್ನು ಕರೆತಂದೆ.

ಇಂದು ನಮ್ಮ ಬೆಟ್ಟಗಳಲ್ಲಿ ಪ್ರಾಣಿಗಳನ್ನು ಕೊಲ್ಲುತ್ತಿರುವುದು ಮುಖ್ಯವಾಗಿ ಕೇಪಿನ ಕೋವಿಯಲ್ಲ. ಪರವಾನಗಿಯ ಕೋವಿಗಳು ಪ್ರತಿ ಚುನಾವಣೆಗೂ ಠಾಣೆಗೆ ಹೋಗಿ ಬಂದು ತುಕ್ಕು ಹಿಡಿಯುತ್ತಿವೆ. ಕೊಲ್ಲುತ್ತಿರುವುದು ತೋಟದ ಬೇಲಿಯಲ್ಲಿ ಕಟ್ಟಿದ ತಂತಿಯ ಉರುಳು, ಹಣ್ಣಿನೊಳಗೆ ಹುದುಗಿಸಿದ ಸಿಡಿಮದ್ದು, ಬೇಲಿಗೆ ನೇರವಾಗಿ ಕೊಟ್ಟ ವಿದ್ಯುತ್ತು. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಬಾಯಿ ಛಿದ್ರವಾದ ಬಸುರಿ ಆನೆ ನದಿಯಲ್ಲಿ ನಿಂತು ಸತ್ತದ್ದನ್ನು ದೇಶವೇ ನೋಡಿತು. ಆ ಸಿಡಿಮದ್ದನ್ನು ಯಾರೂ ಆನೆಗೆಂದು ಇಟ್ಟಿರಲಾರರು. ಬಹುಶಃ ಹಂದಿಗೆಂದು ಇಟ್ಟಿದ್ದರು. ಉರುಳಿಗೆ ಹಂದಿಯೂ ಒಂದೇ, ಚಿರತೆಯೂ ಒಂದೇ, ಪಕ್ಕದ ಮನೆಯ ಕರುವೂ ಒಂದೇ. ಹಾಕಿದವನು ಮನೆಯಲ್ಲಿ ನಿದ್ದೆ ಮಾಡುತ್ತಿರುತ್ತಾನೆ.

ಮುದುಕರ ಸಂಚಿಯ ಪ್ರತಿಯೊಂದು ವಸ್ತುವೂ ಮನುಷ್ಯ ಅಲ್ಲಿ ಇರಬೇಕೆಂದು ಕೇಳುತ್ತದೆ. ಅಳೆಯಬೇಕು, ತುಂಬಬೇಕು, ಕಾಯಬೇಕು, ನೋಡಬೇಕು, ಬೇಡವೆನಿಸಿದರೆ ಕೋವಿ ಇಳಿಸಬೇಕು. ತಾಗಿದರೆ ಹಿಂಬಾಲಿಸಿ ಹೋಗಬೇಕು. ಉರುಳು ಇದಾವುದನ್ನೂ ಕೇಳುವುದಿಲ್ಲ. ಬೇಟೆ ತಪ್ಪೆಂದು ಒಪ್ಪಿಕೊಂಡ ನಾವು, ಬೇಟೆಗಾರನಿಗೆ ಇದ್ದ ಹೊಣೆಯಷ್ಟೂ ಇಲ್ಲದ ಕೊಲೆಯನ್ನು ಕಂಡೂ ಕಾಣದಂತೆ ಇದ್ದೇವೆ. ನಮ್ಮ ಸದಸ್ಯರ ತೋಟಗಳ ಬೇಲಿಯಲ್ಲಿಯೇ ಉರುಳುಗಳಿವೆ. ಆಳು ಹಾಕಿದ್ದು, ನನಗೆ ಗೊತ್ತಿಲ್ಲ ಎನ್ನುತ್ತೇವೆ. ಈ ಮಾತು ಕಟುವಾಯಿತು, ಆದರೆ ನನ್ನ ತೋಟಕ್ಕೂ ಅನ್ವಯಿಸುತ್ತದೆ. ಕಳೆದ ಬೇಸಗೆಯಲ್ಲಿ ನಮ್ಮ ಹಿತ್ತಲ ಬೇಲಿಯಲ್ಲಿ ನಾನೇ ಎರಡು ಉರುಳುಗಳನ್ನು ಬಿಚ್ಚಿದೆ. ಒಂದರಲ್ಲಿ ಪುನುಗುಬೆಕ್ಕಿನ ಕಾಲಿನ ಮೂಳೆಯಿತ್ತು. ಯಾರು ಕಟ್ಟಿದರೆಂದು ವಿಚಾರಿಸುವ ಧೈರ್ಯ ನನಗೆ ಬರಲಿಲ್ಲ.

ಕೊಡಗಿನ ಗೆಳೆಯರು ಇಲ್ಲಿದ್ದಾರೆ. ಅವರಿಗೆ ಕೋವಿ ಮನೆಯ ಮಗನಿದ್ದಂತೆ. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಇಟ್ಟು ಪೂಜಿಸುತ್ತಾರೆ. ಕೊಡವರಿಗೆ ಕೋವಿಯ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳ ಮಟ್ಟಿಗೆ ಮುಂದುವರಿಸಿದೆ. ಪ್ರಾಣಿಗೆ ಗುರಿಯಿಡದೆಯೂ ಕೋವಿಯನ್ನು ಗೌರವದಿಂದ ಇಟ್ಟುಕೊಳ್ಳಬಹುದು, ತೆಂಗಿನಕಾಯಿಗೆ ಗುರಿಯಿಟ್ಟು ಸಂತೋಷಪಡಬಹುದು ಎಂಬುದನ್ನು ಅವರಿಂದ ನಾವು ಕಲಿಯಬಹುದು.

ಮೂರು ಕೆಲಸಗಳು

ಕೂಟದ ಮುಂದೆ ಮೂರು ಸಲಹೆಗಳನ್ನಿಟ್ಟು ಮುಗಿಸುತ್ತೇನೆ.

ಮೊದಲನೆಯದು, ಮಳೆಗಾಲ ಕಳೆದು ಕೊನೆಕೊಯ್ಲು ಆರಂಭವಾಗುವ ಮುನ್ನ, ಪ್ರತಿ ಗ್ರಾಮಘಟಕವೂ ಒಂದು ದಿನ ತಮ್ಮ ಸದಸ್ಯರ ತೋಟಗಳ ಬೇಲಿಯ ಉದ್ದಕ್ಕೂ ನಡೆದು ಉರುಳುಗಳನ್ನು ಬಿಚ್ಚಿ ತರಬೇಕು. ಬೇರೆಯವರ ತೋಟಕ್ಕೆ ಹೋಗುವ ಮುನ್ನ ನಮ್ಮದು. ಬಿಚ್ಚಿದ ತಂತಿಯನ್ನು ಇಲ್ಲಿಯೇ ತಂದು ತೂಗೋಣ. ಹೆಸರು ಬೇಡ, ತೂಕ ಸಾಕು.

ಎರಡನೆಯದು, ಮನೆಯಲ್ಲಿ ಪರವಾನಗಿಯ ಕೇಪಿನ ಕೋವಿ ಇರುವವರು ಈ ವಾರವೇ ಅಟ್ಟದಿಂದ ಅದನ್ನು ಇಳಿಸಿ ನೋಡಬೇಕು. ಹಿಡಿದ ಕ್ಷಣದಿಂದ ಅದು ತುಂಬಿದೆಯೆಂದೇ ತಿಳಿಯಬೇಕು. ಕೇಪಿನ ಮೊಲೆ ಬರಿದಿದೆಯೆಂದು ಮೊದಲು ಖಚಿತಪಡಿಸಿಕೊಂಡು, ಮೈಯನ್ನು ನಳಿಗೆಯ ಬಾಯಿಗೆ ಅಡ್ಡ ತರದೆ, ಗಜ ಇಳಿಸಿ ಅಳೆಯಬೇಕು. ಒಳಗೆ ಈಡಿದ್ದರೆ ತಾವೇ ಕೈಹಾಕದೆ ತಿಳಿದವರಿಂದ ತೆಗೆಸಬೇಕು. ಗಜಕ್ಕೆ ಗೀರು ಹಾಕಬೇಕು. ಕೇಪು ಒಂದು ಕಡೆ, ಮದ್ದು ಇನ್ನೊಂದು ಕಡೆ, ಎರಡೂ ಮಕ್ಕಳ ಕೈಗೆ ಎಟುಕದಂತೆ ಬೀಗದೊಳಗೆ.

ಮೂರನೆಯದು ಹಿರಿಯರಿಗೆ. ಕೋವಿ, ಬಲೆ, ಹಳುವಿನ ಬೇಟೆಯ ಕಾಲದ ಮಾತುಗಳು ನಿಮ್ಮೊಡನೆಯೇ ಹೋಗುತ್ತಿವೆ. ಯಾವ ತಿಂಗಳು ಯಾವ ಪ್ರಾಣಿಗೆ ಹೊಡೆಯುತ್ತಿರಲಿಲ್ಲ, ಯಾವ ದೇವರಕಾಡಿಗೆ ಕೋವಿ ಒಯ್ಯುತ್ತಿರಲಿಲ್ಲ, ಗಬ್ಬದ ಪ್ರಾಣಿಯನ್ನು ಕಂಡರೆ ಏನು ಮಾಡುತ್ತಿದ್ದಿರಿ ಎಂಬುದನ್ನು ಕಿರಿಯರಿಗೆ ಹೇಳಿ ಬರೆಸಿ. ಆ ಮಿತಿಗಳನ್ನು ಎಷ್ಟು ಸಲ ಮುರಿದಿರಿ ಎಂಬುದನ್ನೂ ಮುಚ್ಚಿಡದೆ ಹೇಳಿ.

ಚಿಕ್ಕಪ್ಪ ತೀರಿಕೊಂಡು ಹನ್ನೆರಡು ವರ್ಷವಾಯಿತು. ಪೆನ್ಸಿಲ್ವೇನಿಯಾದಿಂದ ಬಂದ ಮೇಲೆ ಅವನ ಮಗನಿಗೆ ಅಳತೆಯ ಚಿಪ್ಪಿನ ಸಂಗತಿಯನ್ನು ವಿವರಿಸಿದೆ. ಅಪ್ಪನ ಕೈಯನ್ನು ಕಾಡು ತೆಗೆದುಕೊಂಡಿತೆಂದು ಅವನು ಸಿಟ್ಟಿನಲ್ಲಿಯೇ ಬೆಳೆದವನು. ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ಹಂದಿಯದೇನೂ ತಪ್ಪಿರಲಿಲ್ಲ” ಎಂದ. ಮುಂದಿನ ಭಾನುವಾರ ಬೇಲಿಯ ನಡಿಗೆಗೆ ನಮ್ಮೂರಿನಿಂದ ನಾವಿಬ್ಬರೂ ಹೊರಡುತ್ತೇವೆ. ಬೆಳಿಗ್ಗೆ ಏಳಕ್ಕೆ, ನಮ್ಮ ತೋಟದ ತಡಬೆಯಿಂದ. ಬರುವವರು ತಂತಿ ಕತ್ತರಿಸುವ ಇಕ್ಕಳವನ್ನು ತನ್ನಿ.